ಪಲ್ಪರ್ ನೀರಿನಲ್ಲಿ ಹೈಡ್ರೋಜನ್ ಇದೆಯಂತೆ!

ಡಿಸೆಂಬರ್‌ನಲ್ಲಿ ಬಸರೀಕಟ್ಟೆ ಕಡೆ ಬಂದವರಿಗೆ ಆ ವಾಸನೆ ಗೊತ್ತಿರುತ್ತೆ. ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜದ ಲೋಳೆ ತೊಳೆದ ನೀರು ಅದು. ನಿಂತಲ್ಲೇ ಹುಳಿ ಬರುತ್ತೆ. ಅದರ ತುಂಬಾ ಹಣ್ಣಿನ ಸಕ್ಕರೆ. ಹಳ್ಳಕ್ಕೆ ಬಿಟ್ಟರೆ ಸೂಕ್ಷ್ಮಜೀವಿಗಳು ಆ ಸಕ್ಕರೆ ತಿನ್ನುತ್ತಾ ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ, ಮೀನು ಸಾಯುತ್ತೆ. ನಮ್ಮ ಹಳ್ಳಗಳು ಕೊನೆಗೆ ಸೇರೋದು ತುಂಗೆಗೋ ಭದ್ರೆಗೋ.

ಇದೇ ನೀರಿನಿಂದ ಹೈಡ್ರೋಜನ್ ತೆಗೆಯಬಹುದು. ಬ್ರೆಜಿಲ್‌ನಲ್ಲಿ ಪ್ರಯೋಗಗಳೂ ನಡೆದಿವೆ. ಗಾಳಿಯಾಡದ ತೊಟ್ಟಿಯಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಸಕ್ಕರೆ ಒಡೆದು ಹೈಡ್ರೋಜನ್ ಬಿಡುತ್ತೆ. ಅದನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಗೋಬರ್ ಗ್ಯಾಸ್ ಗುಂಡಿಯ ಬಗ್ಗಡದಲ್ಲೇ ಇದೆ. ತೊಂದರೆ ಏನೆಂದರೆ, ಹೈಡ್ರೋಜನ್ ತಿಂದು ಮೀಥೇನ್ ಮಾಡುವ ಜೀವಿಗಳೂ ಅಲ್ಲೇ ಇವೆ. ಅದಕ್ಕೇ ಬಗ್ಗಡವನ್ನು ಅರ್ಧ ಗಂಟೆ ಕುದಿಸುತ್ತಾರೆ. ಮೀಥೇನ್ ಮಾಡುವವು ಸಾಯುತ್ತವೆ, ಕ್ಲಾಸ್ಟ್ರಿಡಿಯಂ ಗಟ್ಟಿ ಬೀಜಕಣವಾಗಿ ಉಳಿಯುತ್ತೆ. ನಂತರ ಪಿಎಚ್ 5.5ರ ಆಸುಪಾಸಿನಲ್ಲಿ ಇರಬೇಕು (ಪಲ್ಪರ್ ನೀರಿಗೆ ಸುಣ್ಣ ಹಾಕೋದು ತೋಟದವರಿಗೆ ಹೊಸದೇನಲ್ಲ). ಹುಟ್ಟಿದ ಗ್ಯಾಸನ್ನು ಆಗಾಗ ಹೊರತೆಗೆಯಲೂಬೇಕು. ಹೈಡ್ರೋಜನ್ ಅಲ್ಲೇ ತುಂಬಿಕೊಂಡರೆ ಇಳುವರಿ ಬೀಳುತ್ತೆ.

ಈಗ ಲೆಕ್ಕಕ್ಕೆ ಬನ್ನಿ. 1 ಕೆ.ಜಿ. ಗ್ಲೂಕೋಸಿನಿಂದ ಈ ದಾರಿಯಲ್ಲಿ ಹೆಚ್ಚೆಂದರೆ 44 ಗ್ರಾಂ ಹೈಡ್ರೋಜನ್. ಅರ್ಧ ಸಿಕ್ಕರೆ, ಅಂದರೆ 22 ಗ್ರಾಂ, ಚೆನ್ನಾಗಿ ನಡೆದಿದೆ ಅನ್ನಬೇಕು. ಅದರ ಶಾಖ ಸುಮಾರು 60 ಗ್ರಾಂ ಎಲ್‌ಪಿಜಿಗೆ ಸಮ. ಮನೆಮಂದಿಗೆಲ್ಲ ಒಂದು ಸುತ್ತು ಕಾಫಿ ಆದೀತು! ಉಳಿದ ಶಕ್ತಿಯೆಲ್ಲ ಅಸಿಟಿಕ್, ಬ್ಯುಟಿರಿಕ್ ಆಮ್ಲಗಳಾಗಿ ನೀರಲ್ಲೇ ಕೂತಿರುತ್ತೆ. ಹಳ್ಳದ ಮೀನಿಗೆ ಆ ನೀರು ಇನ್ನೂ ವಿಷವೇ.

ಹಾಗಾಗಿ ಹೈಡ್ರೋಜನ್ ಒಂದನ್ನೇ ನೆಚ್ಚಿಕೊಳ್ಳುವ ಮಾತು ನನಗೆ ಒಪ್ಪಿಗೆಯಾಗಲ್ಲ. ಮೊದಲ ತೊಟ್ಟಿಯ ನೀರು ಎರಡನೇ ತೊಟ್ಟಿಗೆ ಹೋಗಿ, ಅಲ್ಲಿ ಆಮ್ಲಗಳು ಮೀಥೇನ್ ಆಗಬೇಕು. ಆಗ ಶಕ್ತಿಯೂ ಹೆಚ್ಚು ಸಿಗುತ್ತೆ, ನೀರಿನ ಹೊಲಸೂ ಬಹಳಷ್ಟು ಇಳಿಯುತ್ತೆ. ಎರಡು, ಮೂರು ಎಕರೆಯವರಿಗಂತೂ ಮೀಥೇನ್ ತೊಟ್ಟಿ ಒಂದೇ ಸಾಕು. ಹೈಡ್ರೋಜನ್ ಬೇಗ ಸೋರುತ್ತೆ, ಕಿಡಿ ತಗುಲಿದರೆ ಸಿಡಿಯುತ್ತೆ. ಹಿತ್ತಲಲ್ಲಿ ಮಾಡಿ ನೋಡುವ ಆಟ ಅಲ್ಲ.

ಇನ್ನೊಂದು ತಲೆನೋವು ಸೀಸನ್. ಪಲ್ಪರ್ ಓಡೋದು ಚಳಿಗಾಲದ ಕೆಲವೇ ವಾರ, ಬ್ಯಾಕ್ಟೀರಿಯಾಕ್ಕೆ ಊಟ ವರ್ಷವಿಡೀ ಬೇಕು. ಕೊಟ್ಟಿಗೆಯಲ್ಲಿ ದನ ಇದ್ದರೆ ಸಗಣಿಯಿಂದ ಮೀಥೇನ್ ತೊಟ್ಟಿ ಬದುಕಿರುತ್ತೆ. ದನ ಮಾರಿದ ಮನೆಗಳಲ್ಲಿ ಏನು ಮಾಡೋದು? 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಬಾಳೆಹೊನ್ನೂರಿನ ಹತ್ತಿರವೇ ಇದೆ. ದೊಡ್ಡ ತೋಟವೊಂದರ ಪಲ್ಪರ್ ಪಕ್ಕ ಎರಡೂ ತೊಟ್ಟಿ ಕಟ್ಟಿಸಿ, ಒಂದು ಕೊಯ್ಲಿನಿಂದ ಇನ್ನೊಂದು ಕೊಯ್ಲಿನವರೆಗೆ ಅಳೆದು ನೋಡಲು ಅದಕ್ಕಿಂತ ಒಳ್ಳೆ ಜಾಗ ನನಗೆ ತೋಚಲ್ಲ.