ಕಲ್ಲು ಎಳೆದ ಕೋಣಗಳ ಊರಿಗೆ ಒಂದು ಭಾನುವಾರ

ಯಾಪಲದಿನ್ನಿಯಿಂದ ರಾಯಚೂರಿಗೆ ಮಕ್ಕಳನ್ನು ಕರೆದುಕೊಂಡು ಹೊರಡುವ ತಾಯಿಗೆ ಈಗ ಬಸ್ಸಿನ ಖರ್ಚಿಲ್ಲ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾದ ಮೇಲೆ ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಹೆಣ್ಣುಮಕ್ಕಳಿಗೂ ಹಾಗೆಯೇ. ಶಾಲೆಗೆ ಹೋಗುವ, ಹನ್ನೆರಡು ದಾಟದ ಗಂಡುಹುಡುಗನಿಗೆ ಅರ್ಧ ಟಿಕೆಟ್, ಅಪ್ಪ ಬಂದರೆ ಪೂರ್ತಿ. ದೇವದುರ್ಗ, ಮಾನ್ವಿ ಕಡೆಯವರದೂ ಇದೇ ಲೆಕ್ಕ. ಇಷ್ಟಿದ್ದೂ, ‘ರಾಯಚೂರಾಗ ಹುಡುಗರಿಗೆ ತೋರ್ಸಾಕ ಏನೈತಿ?’ ಎಂಬ ಮಾತು ನಮ್ಮ ಮನೆಗಳಲ್ಲಿ ನಿಂತಿಲ್ಲ. ರೊಕ್ಕ ಕೂಡಿದಾಗ ಹೈದರಾಬಾದ್, ಇಲ್ಲದಿದ್ದರೆ ಮನೆಯಲ್ಲೇ ಮೊಬೈಲು.

ಬಸ್ ನಿಲ್ದಾಣದ ಹತ್ತಿರವೇ ಕೋಟೆ ಇದೆ. ದಿನಾ ಸಾವಿರಾರು ಮಂದಿ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ಕಾಕತೀಯರ ಆಳ್ವಿಕೆಯಲ್ಲಿ, 1294ರಲ್ಲಿ ವಿಠ್ಠಲನೆಂಬ ಸೇನಾನಿ ಕಟ್ಟಿಸಿದ ಒಳಗೋಡೆಯ ಪಶ್ಚಿಮ ಭಾಗಕ್ಕೆ ಮಕ್ಕಳನ್ನು ಮೊದಲು ಕರೆದೊಯ್ಯಬೇಕು. ಶಾಸನ ಕೊರೆದ ಒಂದೇ ಅಖಂಡ ಕಲ್ಲು ಅಲ್ಲಿದೆ, ಉದ್ದ 41 ಅಡಿಗೂ ಹೆಚ್ಚು. ಅಂಕಿ ಹೇಳಿದರೆ ಮಕ್ಕಳ ತಲೆಗೆ ಇಳಿಯುವುದಿಲ್ಲ. ಕೈ ಚಾಚಿ ಬೆರಳಿಗೆ ಬೆರಳು ತಾಗಿಸಿ ಸಾಲಾಗಿ ನಿಲ್ಲಲು ಹೇಳಿ. ಹತ್ತು ಚಿಕ್ಕ ಮಕ್ಕಳು ನಿಂತರೂ ಕಲ್ಲು ಇನ್ನೂ ಮುಗಿದಿರುವುದಿಲ್ಲ.

ಇಂಥ ಬಂಡೆ ಇಲ್ಲಿಗೆ ಬಂದದ್ದಾದರೂ ಹೇಗೆ? ಉತ್ತರವನ್ನು ಕೋಟೆ ಕಟ್ಟಿದವರೇ ಗೋಡೆಯ ಮೇಲೆ ಗೀಚಿಟ್ಟು ಹೋಗಿದ್ದಾರೆ. ಕಡ್ಡಿಗಳಿಲ್ಲದ ಗಟ್ಟಿ ಗಾಲಿಯ ಬಂಡಿ, ಅದರ ಮೇಲೆ ಬಂಡೆ, ಮುಂದೆ ಉದ್ದಕ್ಕೆ ಹೂಡಿದ ಕೋಣಗಳ ಸಾಲು, ಗಾಲಿಗೆ ಮೀಟುಗೋಲು ಕೊಟ್ಟು ಹುರುಪಿನಿಂದ ದೂಡುತ್ತಿರುವ ಆಳುಗಳು. ರಾಜರ ಪಟ್ಟಾಭಿಷೇಕ, ಬೇಟೆ, ಯುದ್ಧ ಕೆತ್ತಿದ ಕಲ್ಲುಗಳು ನಾಡಿನ ತುಂಬ ಇವೆ. ಕೂಲಿಯವರ ಒಂದು ದಿನದ ಕೆಲಸವನ್ನು ಹೀಗೆ ಬರೆದಿಟ್ಟದ್ದು ಅಪರೂಪ. ಗೆರೆಗಳು ತೆಳು; ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಚೆನ್ನಾಗಿ ಕಾಣುತ್ತವೆ. ಕೋಣ ಎಷ್ಟೆಂದು ಹುಡುಗರೇ ಎಣಿಸಲಿ. ಎಣಿಕೆ ತಪ್ಪಿ ಜಗಳಕ್ಕೆ ಬಿದ್ದರೆ ಇನ್ನೂ ಒಳ್ಳೆಯದು, ಮತ್ತೆ ನೋಡುತ್ತಾರೆ. ಈ ಗೋಡೆಯ ಬುಡದಲ್ಲಿ ಕಸ ಬೀಳದಂತೆ, ಮುಂದೆ ನೆರಳು, ಕುಡಿಯುವ ನೀರು ಇರುವಂತೆ ನೋಡಿಕೊಳ್ಳುವುದು ನಮ್ಮ ಊರಿನ ಮಾನದ ಪ್ರಶ್ನೆ.

ಕೋಟೆಯೊಳಗೆ 1513ರ ಏಕ ಮಿನಾರ್ ಮಸೀದಿ ಇದೆ, ಒಂಟಿ ಮಿನಾರು 65 ಅಡಿ ಎತ್ತರ. ದೊಡ್ಡ ಮಕ್ಕಳಾದರೆ 1520ರಲ್ಲಿ ಕೃಷ್ಣದೇವರಾಯ ಆದಿಲ್‌ಶಾಹಿಗಳಿಂದ ಈ ಕೋಟೆ ಗೆದ್ದ ಕಥೆ ಹೇಳುತ್ತ ಗುಡ್ಡ ಹತ್ತಬಹುದು. ತುದಿಯಲ್ಲಿ ಬಾಲಾಹಿಸಾರ್ ಎಂಬ ಮೇಲ್ಗೋಟೆ, ಹಳೆಯ ಫಿರಂಗಿ, ಕೆಳಗೆ ಮಾವಿನಕೆರೆ ಮತ್ತು ಇಡೀ ಊರು. ಬೇಸಿಗೆಯಲ್ಲಿ ಮಾತ್ರ ಏಳು ಗಂಟೆಗೆಲ್ಲ ಹತ್ತಿ ಒಂಬತ್ತಕ್ಕೆ ಇಳಿದುಬಿಡಬೇಕು. ನಲವತ್ತು ದಾಟುವ ನಮ್ಮ ಬಿಸಿಲಿಗೆ ಮಕ್ಕಳನ್ನು ಒಡ್ಡಬಾರದು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಇದ್ದರೆ ಸಾಕು. ವಗ್ಗರಣಿ-ಮಿರ್ಚಿ ಬೇಕೆಂದು ಹಟ ಹಿಡಿದರೆ ಆ ಖರ್ಚಿಗೆ ನನ್ನ ಅಡ್ಡಿಯಿಲ್ಲ.

ಕೋಣಗಳನ್ನು ಕಲ್ಲಿನಲ್ಲಿ ನೋಡಿದ ಮಕ್ಕಳನ್ನು ಕಾರಹುಣ್ಣಿಮೆಗೆ ಇನ್ನೊಮ್ಮೆ ಕರೆತರಬೇಕು. ಮುನ್ನೂರು ಕಾಪು ಸಮಾಜದವರ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ರಾಜೇಂದ್ರ ಗಂಜ್‌ನಲ್ಲಿ ಎತ್ತಿನ ಜೋಡಿಗಳು ಭಾರದ ಕಲ್ಲು ಎಳೆಯುತ್ತವೆ. ಒಂದೂವರೆ ಟನ್‌ನಿಂದ ಎರಡೂವರೆ ಟನ್‌ವರೆಗೆ. ಆಂಧ್ರ, ತೆಲಂಗಾಣದಿಂದಲೂ ಜೋಡಿಗಳು ಬರುತ್ತವೆ. ಗೊತ್ತು ಮಾಡಿದ ಹೊತ್ತಿನೊಳಗೆ ಯಾವ ಜೋಡಿ ಹೆಚ್ಚು ದೂರ ಎಳೆಯಿತೆಂಬುದೇ ಗೆಲುವು. ಕಲ್ಲು ಮೊದಲು ಕದಲುವ ಆ ಗಳಿಗೆಯನ್ನು ಗಮನಿಸಿ: ಎತ್ತುಗಳು ಮುಂಗಾಲು ಮಡಚಿ ತಲೆ ತಗ್ಗಿಸುತ್ತವೆ, ನೊಗ ಕಿರ್ರೆನ್ನುತ್ತದೆ, ಜನ ‘ಹೋ’ ಎನ್ನುತ್ತಾರೆ. ಬಾರುಕೋಲು ಬೀಸುವವರಿಗಿಂತ ಬಾಯಿಮಾತಿನಲ್ಲೇ ಹುರಿದುಂಬಿಸುವ ರೈತನನ್ನು ಮಕ್ಕಳಿಗೆ ತೋರಿಸಿ, ಅವನ ಜೋಡಿಗೇ ಕೂಗಲು ಹೇಳಿ. ಗದ್ದಲದಲ್ಲಿ ಚಿಕ್ಕವರ ಕೈ ಬಿಡಬೇಡಿ. ಅಜ್ಜನ ಹೆಗಲು ಸಿಕ್ಕರೆ ಅಲ್ಲಿಂದಲೇ ಎಲ್ಲ ಚೆನ್ನಾಗಿ ಕಾಣುತ್ತದೆ.