ಮೂತ್ರಪಿಂಡ: ಲೋಕಲ್ ಹಿಡಿಯುವವರು ಗಮನಿಸಬೇಕಾದದ್ದು

ಶಸ್ತ್ರಚಿಕಿತ್ಸೆಗೆ ನೆರವು ಕೊಟ್ಟರೆ ಅದು ಹೆಚ್ಚಾಗಿ ಒಮ್ಮೆಗೇ ಮುಗಿಯುತ್ತದೆ. ಡಯಾಲಿಸಿಸ್ ಹಾಗಲ್ಲ. ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲ ಸುಮಾರು 4 ಗಂಟೆ. ಕಸಿ ಆಗದಿದ್ದರೆ ಜೀವನಪೂರ್ತಿ. ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಡಯಾಲಿಸಿಸ್ ಸೇರಿದೆ ನಿಜ. ಆದರೆ ಓಡಾಟದ ಖರ್ಚು, ತಪ್ಪಿದ ಸಂಬಳ ಮನೆಯವರ ತಲೆಯ ಮೇಲೆಯೇ.

ಟಿಟ್ವಾಳಾದಿಂದ ಸಿಎಸ್‌ಎಂಟಿಗೆ ಒಂದು ಬದಿಗೇ ಸುಮಾರು ಒಂದೂವರೆ ಗಂಟೆ. ಲೋಕಲ್‌ನಲ್ಲಿ ಶೌಚಾಲಯವಿಲ್ಲ. ಅದಕ್ಕೇ ನಮ್ಮ ಹೆಣ್ಣುಮಕ್ಕಳು ಬೆಳಿಗ್ಗೆ ನೀರೇ ಕುಡಿಯದೆ ಹೊರಡುತ್ತಾರೆ, ದಿನವಿಡೀ ತಡೆದುಕೊಳ್ಳುತ್ತಾರೆ. ಉರಿಮೂತ್ರ, ಸೋಂಕು, ಕಲ್ಲಿನ ತೊಂದರೆಗೆ ಇದು ದಾರಿ. ಹೊರಡುವ ಮುನ್ನ ಒಂದು ಲೋಟವಾದರೂ ಕುಡಿಯಿರಿ, ಆಫೀಸು ತಲುಪಿದ ಮೇಲೆ ಮತ್ತೆ ಕುಡಿಯಿರಿ. ಇನ್ನು ನಿಂತು ನಿಂತು ಸೊಂಟ ಹಿಡಿದರೆ ಸ್ಟೇಷನ್ ಬಳಿಯ ಮೆಡಿಕಲ್‌ನಿಂದ ಒಂದು ಮಾತ್ರೆ! ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳನ್ನು ವೈದ್ಯರನ್ನು ಕೇಳದೆ ದಿನವೂ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು.

ಆದರೂ ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಮೂತ್ರಪಿಂಡ ಬಹುಪಾಲು ಕೆಡುವವರೆಗೂ ನೋವು ಕಾಣಿಸುವುದಿಲ್ಲ. ಕಾಲು ಊದಿಕೊಳ್ಳುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ಈ ಎರಡರಲ್ಲಿ ಒಂದಿದ್ದರೂ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಪರೀಕ್ಷೆಗಳನ್ನು ವರ್ಷಕ್ಕೊಮ್ಮೆ ಮಾಡಿಸಿ. ಬಿ.ಪಿ. 140/90 ದಾಟಿದರೆ ವೈದ್ಯರನ್ನು ಕಾಣಿ. ತಲೆನೋವಿಲ್ಲವಲ್ಲ ಎಂದು ಮಾತ್ರೆ ನಿಲ್ಲಿಸಬೇಡಿ.

ದಾನಿಗಳಲ್ಲಿ ಒಂದು ಅರಿಕೆ: ನಿಮ್ಮ ದೇಣಿಗೆಯ ಒಂದು ಪಾಲನ್ನು ಈ ತಪಾಸಣೆಗಳಿಗೂ ಬಳಸಲು ಒಪ್ಪಿಗೆ ಕೊಡಿ. ಸದಸ್ಯರು ಮುಂದಿನ ಸಭೆಗೆ ಬರುವಾಗ ಹಳೆಯ ರಿಪೋರ್ಟುಗಳಿದ್ದರೆ ಜೊತೆಗೆ ತನ್ನಿ.