ಉಕ್ಕು ಒಡೆದ ಕಾರಣ

ಹೆಣ್ಣುಮಕ್ಕಳಿಗೆ ಭೌತಶಾಸ್ತ್ರದಿಂದ ಪ್ರಯೋಜನವೇನೆಂದು ಪೋಷಕರಲ್ಲಿ ಕೆಲವರು ಕೇಳುವುದುಂಟು. ಅವರೊಡನೆ ವಾದಿಸುವುದಕ್ಕಿಂತ, ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ಆಂಗ್ಲ ಮಹಿಳೆಯ ಕೆಲಸವನ್ನು ವಿವರಿಸುವುದೇ ಲೇಸೆಂದು ತೋರುತ್ತದೆ.

1943ನೆಯ ಇಸವಿ ಜನವರಿ 16ರಂದು ಅಮೆರಿಕ ದೇಶದ ಪೋರ್ಟ್‌ಲೆಂಡ್ ನಗರದಲ್ಲಿ, ನಿಶ್ಚಲವಾದ ನೀರಿನ ಮೇಲೆ ನಿಂತಿದ್ದ 'ಸ್ಕೆನೆಕ್ಟಡಿ' ಎಂಬ ಹೊಸ ತೈಲದ ಹಡಗು, ಬಿರುಗಾಳಿಯಾಗಲಿ ಶತ್ರುವಿನ ಗುಂಡಾಗಲಿ ತಗಲದೆ, ಭಾರಿ ಸದ್ದಿನೊಡನೆ ನಡುವೆ ಬಿರಿಯಿತು. ಯುದ್ಧಕಾಲದಲ್ಲಿ ತ್ವರೆಯಿಂದ ಕಟ್ಟಿದ ಲಿಬರ್ಟಿ ಹಡಗುಗಳಲ್ಲಿಯೂ ಇಂಥ ಬಿರುಕುಗಳು ಕಾಣಿಸಿಕೊಂಡವು. ಇವುಗಳ ಉಕ್ಕಿನ ಹಲಗೆಗಳನ್ನು ರಿವೆಟ್ ಹೊಡೆದು ಕೂಡಿಸದೆ ಬೆಸೆದಿದ್ದರು. ಆದಕಾರಣ ಬೆಸುಗೆಯದೇ ದೋಷವೆಂದು ಅನೇಕರು ನಿಶ್ಚಯಿಸಿದರು. ಬೆಸೆಯುವವರಲ್ಲಿ ಹೊಸದಾಗಿ ಕೆಲಸ ಕಲಿತ ಹೆಂಗಸರೂ ಬಹಳ ಮಂದಿ ಇದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಎಂಜಿನಿಯರಿಂಗ್ ವಿಭಾಗದಲ್ಲಿದ್ದ ಟಿಪ್ಪರ್‌ರವರು ಉಕ್ಕನ್ನೇ ಪರೀಕ್ಷಿಸಿದರು. ಹಲಗೆಯ ತುಂಡುಗಳಿಗೆ ಕಚ್ಚು ಹಾಕಿ, ಬೇರೆಬೇರೆ ಉಷ್ಣತೆಗಳಲ್ಲಿ ಎಳೆದು ಮುರಿದು, ಮುರಿದ ಮುಖವನ್ನು ನೋಡಿದರು. ಬೆಚ್ಚಗಿರುವಾಗ ಉಕ್ಕು ಮೊದಲು ಹಿಗ್ಗಿ ಬಳಿಕ ಹರಿಯುವುದು. ಆ ಮುಖವು ನಾರುನಾರಾಗಿ ಮಂಕಾಗಿರುವುದು. ಒಂದು ಗೊತ್ತಾದ ಮಟ್ಟಕ್ಕಿಂತ ತಣ್ಣಗಾದರೆ ಅದೇ ಉಕ್ಕು ಹಿಗ್ಗದೆ ಗಾಜಿನಂತೆ ಒಡೆಯುವುದು. ಆಗ ಮುಖವು ಹರಳುಹರಳಾಗಿ ಹೊಳೆಯುವುದು. ಬೆಲ್ಲದ ಪಾಕವು ಬಿಸಿಯಾಗಿರುವಾಗ ಎಳೆಯಾಗಿ ಬಂದು, ಆರಿದೊಡನೆ ಫಟ್ಟನೆ ಮುರಿಯುವುದನ್ನು ನಮ್ಮ ಹೆಣ್ಣುಮಕ್ಕಳೆಲ್ಲರೂ ಬಲ್ಲರು. ಉತ್ತರ ಅಟ್ಲಾಂಟಿಕ್ ಸಾಗರದ ಚಳಿಯೇ ಆ ಹಡಗುಗಳ ಉಕ್ಕಿಗೆ ಸಾಕಾಗಿತ್ತು.

ಬೆಸುಗೆಯು ಪೂರ್ಣವಾಗಿ ನಿರಪರಾಧಿಯೆಂದಲ್ಲ. ಕೌದಿಯಲ್ಲಿ ಒಂದು ತುಂಡು ಹರಿದರೆ ಹರಕು ಹೊಲಿಗೆಯ ಬಳಿ ನಿಲ್ಲುವುದುಂಟು. ಒಂದೇ ಬಟ್ಟೆಯಾದರೆ ಅಂಚಿನವರೆಗೂ ಓಡುತ್ತದೆ. ರಿವೆಟ್ ಹೊಡೆದ ಹಡಗಿಗೂ ಬೆಸೆದ ಹಡಗಿಗೂ ಇರುವ ವ್ಯತ್ಯಾಸವು ಇದೇ.

ಟಿಪ್ಪರ್‌ರವರು 1894ರಲ್ಲಿ ಜನಿಸಿದರು. ನ್ಯೂನಮ್ ಕಾಲೇಜಿನಲ್ಲಿ ಓದಿ 1915ರಲ್ಲಿಯೇ ಪರೀಕ್ಷೆಯನ್ನು ಮುಗಿಸಿದರೂ, ಕೇಂಬ್ರಿಜ್ ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಡಲಾರಂಭಿಸಿದುದು 1948ರಲ್ಲಿ! ಜಿ. ಐ. ಟೇಲರ್‌ರವರೊಡನೆ ಅಲ್ಯುಮಿನಿಯಂ ಹರಳುಗಳು ಎಳೆತಕ್ಕೆ ಹೇಗೆ ರೂಪಗೆಡುತ್ತವೆಂಬುದನ್ನು ಶೋಧಿಸಿ 1923ರಲ್ಲಿ ಪ್ರಕಟಿಸಿದ್ದರು. 1928ರಲ್ಲಿ ಅವರು ವಿವಾಹವಾದ ಜಾರ್ಜ್ ಟಿಪ್ಪರ್‌ರವರು ಭಾರತದ ಭೂಗರ್ಭ ಸರ್ವೇಕ್ಷಣ ಇಲಾಖೆಯಲ್ಲಿ ಕೆಲಸಮಾಡಿದವರು. 1949ರಲ್ಲಿ ಆಕೆಗೆ ಕೇಂಬ್ರಿಜ್‌ನಲ್ಲಿ ರೀಡರ್ ಪದವಿಯು ದೊರೆಯಿತು. 1960ರಲ್ಲಿ ನಿವೃತ್ತರಾಗಿ, ಎರಡು ವರ್ಷಗಳ ತರುವಾಯ ಈ ವಿಷಯವನ್ನು ಕುರಿತು ಗ್ರಂಥವೊಂದನ್ನು ಹೊರತಂದರು. 1995ರಲ್ಲಿ, ನೂರೊಂದು ವರ್ಷ ತುಂಬಿದ ವಯಸ್ಸಿನಲ್ಲಿ, ತೀರಿಕೊಂಡರು. ಹಡಗಿನ ಉಕ್ಕನ್ನು ಕಚ್ಚು ಹಾಕಿ, ತಣಿಸಿ, ಮುರಿದು ನೋಡುವ ಪರೀಕ್ಷೆಗಳು ಈಗಲೂ ನಡೆಯುತ್ತಿವೆ.